ಸಿಗಡಿ ಸಿಪ್ಪೆಯ ಕೈಟೋಸಾನ್‌ನಿಂದ ಔಷಧ ಹೊರುವ ನ್ಯಾನೋ ಕಣ: ಪ್ರಾಜೆಕ್ಟ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರದ ಮೀನು ಮಾರುಕಟ್ಟೆಯಿರಲಿ, ಬೈತಖೋಲ, ತದಡಿ, ಹೊನ್ನಾವರದ ಬಂದರುಗಳಿರಲಿ, ಸಿಗಡಿ ಸುಲಿದ ಮೇಲೆ ಉಳಿಯುವ ಸಿಪ್ಪೆ ಹೋಗುವುದು ಕಸಕ್ಕೆ. ಆ ಸಿಪ್ಪೆಯೊಳಗೆ ಕೈಟಿನ್ ಇದೆ. ಸಕ್ಕರೆಯ ಘಟಕಗಳು ಒಂದಕ್ಕೊಂದು ಕೂಡಿ ಉದ್ದದ ಸರಪಳಿಯಾದರೆ ಅದಕ್ಕೆ ಪಾಲಿಸ್ಯಾಕರೈಡ್ ಅನ್ನುತ್ತಾರೆ. ಪ್ರಕೃತಿಯಲ್ಲಿ ಸೆಲ್ಯುಲೋಸ್ ಬಿಟ್ಟರೆ ಅತಿ ಹೆಚ್ಚು ಸಿಗುವ ಪಾಲಿಸ್ಯಾಕರೈಡ್ ಈ ಕೈಟಿನ್. ಅದನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಕೈಟೋಸಾನ್ ಆಗುತ್ತದೆ. ಕೈಟೋಸಾನ್‌ನಿಂದ ಔಷಧವನ್ನು ಒಳಗಿಟ್ಟುಕೊಂಡು ಸಾಗಿಸುವ ನ್ಯಾನೋ ಕಣ ಮಾಡಬಹುದು.

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ಕಾಲೇಜುಗಳಲ್ಲಿ ಪದವಿಯ ಕೊನೆಯ ವರ್ಷಕ್ಕೋ ಎಂಎಸ್‌ಸಿಗೋ ಪ್ರಾಜೆಕ್ಟ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಣ ಮಾಡುವುದು ಸುಲಭ, ದ್ರಾವಣ ಸಿದ್ಧವಿದ್ದರೆ ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಕಣದೊಳಗೆ ಔಷಧ ನಿಜವಾಗಿ ಕೂತಿದೆ ಅಂತ ತೋರಿಸುವುದೇ ಕಷ್ಟ. ತುಂಬ ಪ್ರಾಜೆಕ್ಟ್ ವರದಿಗಳು ಸೋಲುವುದು ಅಲ್ಲೇ. ಹಾಗಾಗಿ ಅಳತೆಯ ಭಾಗಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇನ್ನೊಂದು ಮಾತು. ಇಲ್ಲಿ ತಯಾರಾಗುವ ಕಣ ಪ್ರಯೋಗಾಲಯದ ಗಾಜಿನ ನಳಿಕೆಗೆ ಮಾತ್ರ. ಕುಡಿಯುವುದು, ಹಚ್ಚಿಕೊಳ್ಳುವುದು, ಪ್ರಾಣಿಗಳಿಗೆ ಕೊಡುವುದು, ಯಾವುದೂ ಕೂಡದು.

ಕಣ ಹೇಗೆ ಹುಟ್ಟುತ್ತದೆ

ಕೈಟೋಸಾನ್ ಸರಪಳಿಯ ತುಂಬ ಅಮೈನ್ ಗುಂಪುಗಳಿವೆ. ಹುಳಿ ನೀರಿನಲ್ಲಿ ಅವು ಒಂದೊಂದು ಪ್ರೋಟಾನ್ ಹಿಡಿದುಕೊಂಡು ಪ್ಲಸ್ ಚಾರ್ಜು ಪಡೆಯುತ್ತವೆ. ಆಗ ಸರಪಳಿಗಳು ಒಂದನ್ನೊಂದು ದೂಡಿಕೊಂಡು ನೀರಿನಲ್ಲಿ ಕರಗಿ ನಿಲ್ಲುತ್ತವೆ. ಪಿಎಚ್ ಸುಮಾರು 6.5 ದಾಟಿದರೆ ಚಾರ್ಜು ಕಳೆದುಕೊಂಡು ಮುದ್ದೆಯಾಗುತ್ತವೆ. ಈ 6.5 ಅನ್ನುವ ಅಂಕಿ ಕೊನೆಯವರೆಗೂ ತಲೆಯಲ್ಲಿರಲಿ.

ಇನ್ನೊಂದು ಕಡೆ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಇದೆ, ಎಲ್ಲರೂ ಟಿಪಿಪಿ ಅನ್ನುತ್ತಾರೆ. ಅದಕ್ಕೆ ಮೈನಸ್ ಚಾರ್ಜು. ಹುಳಿ ನೀರಿನ ಕೈಟೋಸಾನ್‌ಗೆ ಟಿಪಿಪಿ ಹನಿ ಹಾಕಿದರೆ, ಒಂದೊಂದು ಟಿಪಿಪಿ ಹಲವು ಅಮೈನ್‌ಗಳನ್ನು ಒಟ್ಟಿಗೆ ಹಿಡಿದು ಸರಪಳಿಯನ್ನು ಸುತ್ತಿಸುತ್ತದೆ. ಪ್ರಮಾಣ ಸರಿಯಿದ್ದರೆ ಸಾಮಾನ್ಯವಾಗಿ 100ರಿಂದ 300 ನ್ಯಾನೋಮೀಟರ್ ಗಾತ್ರದ ಕಣಗಳಾಗುತ್ತವೆ. ಬಿಸಿ ಮಾಡುವುದು ಬೇಡ, ವಿಷದ ದ್ರಾವಕ ಬೇಡ. ಹಾಗಾಗಿಯೇ ಬಿಸಿಗೆ ಕೆಡುವ ಪ್ರೋಟೀನ್‌ಗಳಿಗೂ ಈ ವಿಧಾನ ಒಗ್ಗುತ್ತದೆ. 1997ರಲ್ಲಿ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ವಿಶ್ವವಿದ್ಯಾಲಯದ ತಂಡ ಇದನ್ನು ಪ್ರಕಟಿಸಿತು. ಇವತ್ತಿಗೂ ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಔಷಧ ಸಾಗಿಸಲು ಕೈಟೋಸಾನ್ ಯಾಕೆ? ಪ್ಲಸ್ ಚಾರ್ಜು ಇರುವುದರಿಂದ ಅದು ಮೂಗು, ಕಣ್ಣು, ಕರುಳಿನ ಲೋಳೆಪದರಕ್ಕೆ ಅಂಟಿಕೊಳ್ಳುತ್ತದೆ. ಜೀವಕೋಶಗಳ ನಡುವಿನ ಬಿಗಿ ಸಂದುಗಳನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ನಮ್ಮ ಮೈಯ ಲೈಸೋಜೈಮ್ ಕಿಣ್ವ ಅದನ್ನು ನಿಧಾನವಾಗಿ ಒಡೆಯುತ್ತದೆ.

ಹಂತ 1: ಕೈಟೋಸಾನ್ ಕೊಳ್ಳುವುದೋ, ಮಾಡುವುದೋ

ನನ್ನ ಸಲಹೆ: ಮೊದಲ ಸಲ ಕೊಂಡೇ ತನ್ನಿ. ಬಾಟಲಿಯ ಮೇಲೆ ಎರಡು ವಿಷಯ ಬರೆದಿರಬೇಕು. ಒಂದು ಡಿಅಸಿಟೈಲೇಷನ್ ಪ್ರಮಾಣ, ಅಂದರೆ ಕೈಟಿನ್ ಸರಪಳಿಯ ಅಸಿಟೈಲ್ ಗುಂಪುಗಳಲ್ಲಿ ಎಷ್ಟು ಕಳಚಿ ಅಮೈನ್ ಆಗಿವೆ ಅನ್ನುವುದು, ಅದು ಶೇ 80ಕ್ಕಿಂತ ಮೇಲಿರಲಿ. ಇನ್ನೊಂದು ಅಣುತೂಕ, ಕಡಿಮೆ ಅಣುತೂಕದ್ದೇ ಇರಲಿ. ಅಣುತೂಕ ಹೆಚ್ಚಿದ್ದರೆ ದ್ರಾವಣ ಗಂಜಿಯಷ್ಟು ದಪ್ಪವಾಗುತ್ತದೆ, ಕಣ ದೊಡ್ಡದಾಗುತ್ತದೆ. ಕೊಂಡ ಪುಡಿಯಲ್ಲಿ ಕೈ ಪಳಗಿದ ಮೇಲೆ ನಮ್ಮ ಸಿಪ್ಪೆಯ ಕೈಟೋಸಾನ್ ಮಾಡಿ ಹೋಲಿಸಿದರೆ ಪ್ರಾಜೆಕ್ಟಿಗೆ ತೂಕ ಬರುತ್ತದೆ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ, ಕಣ ಕೆಟ್ಟಾಗ ದೋಷ ಸಿಪ್ಪೆಯದ್ದೋ ಕೈಯದ್ದೋ ಗೊತ್ತಾಗುವುದಿಲ್ಲ.

ಸಿಪ್ಪೆಯಿಂದಲೇ ಮಾಡುವವರು ಕ್ಯಾಲೆಂಡರ್ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೇ ತಿಂಗಳೊಳಗೆ ಸಿಪ್ಪೆ ತಂದು, ತೊಳೆದು, ಒಣಗಿಸಿ ಇಟ್ಟುಕೊಳ್ಳಬೇಕು. ಬೆಳಿಗ್ಗೆಯೇ ಮಾರುಕಟ್ಟೆಗೆ ಹೋಗಿ, “ಅಕ್ಕಾ, ಶೆಟ್ಲಿ ಸಿಪ್ಪೆ ಬಿಸಾಡ್ಬೇಡಿ, ನಾನು ಒಯ್ತೇನೆ” ಅಂತ ಹೇಳಿಟ್ಟರೆ ಚೀಲ ತುಂಬ ಸಿಗುತ್ತದೆ. ನಮ್ಮ ಸೆಕೆಗೆ ಸಿಪ್ಪೆ ಬೇಗ ಹಳಸುತ್ತದೆ. ತಂದ ಕೂಡಲೇ ತೊಳೆಯಿರಿ, ತಲೆ ಮತ್ತು ಮಾಂಸದ ಚೂರು ತೆಗೆಯಿರಿ. ಒಣಗಿದ ಸಿಪ್ಪೆಯಲ್ಲಿ ಕೈಟಿನ್ ಇರುವುದು ಸಾಮಾನ್ಯವಾಗಿ ಶೇ 20ರಿಂದ 30. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸುಣ್ಣದ ಅಂಶ ಮತ್ತು ಪ್ರೋಟೀನ್. ಅವೆರಡನ್ನೂ ತೆಗೆಯಬೇಕು.

ಮೊದಲು ಸುಣ್ಣ. ಪುಡಿ ಮಾಡಿದ ಒಣ ಸಿಪ್ಪೆ 1 ಗ್ರಾಂಗೆ 15 ಮಿಲಿಲೀಟರ್‌ನಂತೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ. ಬುರುಗು ಉಕ್ಕಿ ಬರುತ್ತದೆ, ಅದು ಇಂಗಾಲದ ಡೈಆಕ್ಸೈಡ್. ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಪಾತ್ರೆ ದೊಡ್ಡದಿರಲಿ. ಬುರುಗು ಪೂರ್ತಿ ನಿಂತ ಮೇಲೆ ನೀರು ತಟಸ್ಥವಾಗುವವರೆಗೆ ತೊಳೆಯಿರಿ. ಆಮೇಲೆ ಪ್ರೋಟೀನ್. 1 ನಾರ್ಮಲ್, ಅಂದರೆ ಶೇ 4ರ ಕಾಸ್ಟಿಕ್ ಸೋಡಾದಲ್ಲಿ 70–80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ. ಮತ್ತೆ ತೊಳೆಯಿರಿ. ನಸುಗೆಂಪು ಬಣ್ಣ ಉಳಿದಿದ್ದರೆ ಅಸಿಟೋನ್‌ನಲ್ಲಿ ನೆನೆಸಿದರೆ ಬಿಡುತ್ತದೆ. ಒಣಗಿದರೆ ಬಿಳಿ ಚಕ್ಕೆ, ಅದೇ ಕೈಟಿನ್.

ಕೊನೆಗೆ ಶೇ 50ರ ಕಾಸ್ಟಿಕ್ ಸೋಡಾದಲ್ಲಿ 100 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಬೇಯಿಸಬೇಕು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಅಪಾಯದ ಹಂತ ಇದೇ. ಬಿಣಗಾದ ಕಾರ್ಖಾನೆಯಿಂದಾಗಿ ಕಾರವಾರದವರಿಗೆ ಕಾಸ್ಟಿಕ್ ಸೋಡಾದ ಹೆಸರು ಹೊಸದಲ್ಲ, ಆದರೆ ಹೆಸರು ಗೊತ್ತಿದ್ದ ಮಾತ್ರಕ್ಕೆ ಸದರ ಬೇಡ. ಬಿಸಿ ಕಾಸ್ಟಿಕ್ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ದಪ್ಪ ಕೈಗವಸು, ಮೈ ಮುಚ್ಚುವ ಬಟ್ಟೆ, ಫ್ಯೂಮ್ ಹುಡ್, ಪಕ್ಕದಲ್ಲಿ ಮೇಷ್ಟ್ರು, ಇಷ್ಟೂ ಇಲ್ಲದೆ ಕೈ ಹಾಕಬೇಡಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಸುರಿಯಬಾರದು. ಅಲ್ಯುಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಮನೆಯ ಅಡುಗೆಮನೆಯಲ್ಲಿ ಇದನ್ನು ಮಾಡುವ ಯೋಚನೆಯೂ ಬೇಡ. ತೊಳೆದ ನೀರನ್ನು ತಟಸ್ಥ ಮಾಡಿಯೇ ಚೆಲ್ಲಬೇಕು, ಹಳ್ಳಕ್ಕೆ ಬಿಡಬಾರದು.

ಬಂದ ಚಕ್ಕೆ ಶೇ 1ರ ಅಸಿಟಿಕ್ ಆಮ್ಲದಲ್ಲಿ ಕರಗಿದರೆ ಅದು ಕೈಟೋಸಾನ್. ಕರಗದೆ ಉಬ್ಬಿ ನಿಂತರೆ ಇನ್ನೂ ಕೈಟಿನ್ ಉಳಿದಿದೆ. ಡಿಅಸಿಟೈಲೇಷನ್ ಪ್ರಮಾಣವನ್ನು ಕಾಲೇಜಿನ ಪಿಎಚ್ ಮೀಟರ್ ಇಟ್ಟುಕೊಂಡು ಟೈಟ್ರೇಷನ್‌ನಲ್ಲೇ ಅಳೆಯಬಹುದು.

ಹಂತ 2: ಎರಡು ದ್ರಾವಣ

ನಲ್ಲಿ ನೀರೂ ಬೇಡ, ಬಾವಿ ನೀರೂ ಬೇಡ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಏರುತ್ತದೆ. ಉಪ್ಪು ಚಾರ್ಜುಗಳ ಸೆಳೆತವನ್ನು ಮರೆಮಾಡುತ್ತದೆ, ಕಣದ ಗಾತ್ರ ಹೇಳದೆ ಕೇಳದೆ ಬದಲಾಗುತ್ತದೆ. ಡಿಸ್ಟಿಲ್ಡ್ ನೀರೇ ಆಗಬೇಕು.

200 ಮಿಲಿಗ್ರಾಂ ಕೈಟೋಸಾನ್, 100 ಮಿಲಿಲೀಟರ್ ನೀರು, 0.35 ಮಿಲಿಲೀಟರ್ ಗ್ಲೇಶಿಯಲ್ ಅಸಿಟಿಕ್ ಆಮ್ಲ. ಹೆಚ್ಚಿನ ಕೈಪಿಡಿಗಳು ಶೇ 1ರ ಆಮ್ಲ ಅನ್ನುತ್ತವೆ. ಅಷ್ಟು ಬೇಕಾಗಿಲ್ಲ. ಆಮ್ಲ ಜಾಸ್ತಿಯಾದರೆ ಆಮೇಲೆ ಪಿಎಚ್ ಏರಿಸಲು ಕಾಸ್ಟಿಕ್ ಜಾಸ್ತಿ ಸುರಿಯಬೇಕು, ಆಗ ಸೋಡಿಯಂ ಅಸಿಟೇಟ್ ಉಪ್ಪು ತುಂಬಿಕೊಳ್ಳುತ್ತದೆ. ಕೈಟೋಸಾನ್ ತೂಕದ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ ಆಮ್ಲ ಸಾಕು. ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ರಾತ್ರಿಯಿಡೀ ತಿರುಗಲು ಬಿಡಿ. ಬೆಳಿಗ್ಗೆ 0.5 ನಾರ್ಮಲ್ ಕಾಸ್ಟಿಕ್ ಹನಿಹನಿಯಾಗಿ ಹಾಕಿ ಪಿಎಚ್ 4.8ಕ್ಕೆ ತನ್ನಿ. ಅವಸರದಲ್ಲಿ ಒಮ್ಮೆಲೇ ಸುರಿದರೆ ಹನಿ ಬಿದ್ದ ಜಾಗದಲ್ಲೇ ಬಿಳಿ ಎಳೆಗಳಾಗುತ್ತವೆ, ಅವು ಬೇಗ ಕರಗುವುದಿಲ್ಲ. ಕೊನೆಗೆ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ.

ಟಿಪಿಪಿ 100 ಮಿಲಿಗ್ರಾಂ, ನೀರು 100 ಮಿಲಿಲೀಟರ್. 0.22 ಮೈಕ್ರಾನ್‌ನಲ್ಲಿ ಸೋಸಿ. ನೀರಿನಲ್ಲಿಟ್ಟರೆ ಟಿಪಿಪಿ ನಿಧಾನವಾಗಿ ಒಡೆಯುತ್ತದೆ, ಅದಕ್ಕೇ ಆಯಾ ದಿನದ್ದು ಆಯಾ ದಿನವೇ ಮಾಡಿಕೊಳ್ಳಿ.

ಹಂತ 3: ಖಾಲಿ ಕಣ

ಔಷಧ ಹಾಕುವ ಮೊದಲು ಪ್ರಮಾಣ ಹುಡುಕಬೇಕು. ಆರು ಚಿಕ್ಕ ಬೀಕರ್‌ಗಳಲ್ಲಿ ತಲಾ 10 ಮಿಲಿಲೀಟರ್ ಕೈಟೋಸಾನ್ ತೆಗೆದುಕೊಳ್ಳಿ. ಅವಕ್ಕೆ ಕ್ರಮವಾಗಿ 2, 3, 4, 5, 6, 8 ಮಿಲಿಲೀಟರ್ ಟಿಪಿಪಿ ಹಾಕಬೇಕು. ಸ್ಟಿರರ್ 700 ಸುತ್ತಿನ ಆಸುಪಾಸು. ಆಳವಾದ ಸುಳಿ ಏಳುವಷ್ಟು ಜೋರು ಬೇಡ, ಗಾಳಿ ಸೇರಿ ನೊರೆಯಾಗುತ್ತದೆ. ಬ್ಯೂರೆಟ್‌ನಿಂದ ನಿಮಿಷಕ್ಕೆ ಅರ್ಧ ಮಿಲಿಲೀಟರ್‌ನಂತೆ ಹನಿ ಬಿಡಿ. ಮುಗಿದ ಮೇಲೆ ಇನ್ನೂ ಅರ್ಧ ಗಂಟೆ ತಿರುಗಲಿ.

ಈಗ ಬೀಕರ್ ಹಿಂದೆ ಕಪ್ಪು ಕಾಗದ ಹಿಡಿದು ನೋಡಿ. ಮೊದಲಿನವು ತಿಳಿಯಾಗಿಯೇ ಇರುತ್ತವೆ, ಅಲ್ಲಿ ಕಣ ಸರಿಯಾಗಿ ಆಗಿಲ್ಲ. ನಡುವಿನವು ತೆಳ್ಳಗಿನ ಅಕ್ಕಚ್ಚಿನ ಹಾಗೆ ಮಬ್ಬಾಗಿ, ಅಂಚಿನಲ್ಲಿ ನಸುನೀಲಿ ಕಾಣುತ್ತದೆ. ನಿಮಗೆ ಬೇಕಾದದ್ದು ಇದೇ. ಕೊನೆಯವು ದಟ್ಟ ಬಿಳಿಯಾಗಿ, ಸ್ವಲ್ಪ ಹೊತ್ತಿಗೆ ತಳಕ್ಕೆ ಹತ್ತಿಯಂತೆ ಕೂರಬಹುದು. ಅಲ್ಲಿ ಟಿಪಿಪಿ ಜಾಸ್ತಿಯಾಗಿ ಪ್ಲಸ್ ಚಾರ್ಜು ಬರಿದಾಗಿದೆ, ಕಣಗಳು ಒಂದಕ್ಕೊಂದು ಅಂಟಿವೆ. 10 ಮಿಲಿಲೀಟರ್‌ಗೆ 4 ಮಿಲಿಲೀಟರ್, ಅಂದರೆ ತೂಕದಲ್ಲಿ 5ಕ್ಕೆ 1 ಶುರುವಿಗೆ ಒಳ್ಳೆಯ ಪ್ರಮಾಣ. ಆದರೆ ನಿಮ್ಮ ಕೈಟೋಸಾನ್‌ಗೆ ಯಾವುದು ಸರಿ ಅನ್ನುವುದನ್ನು ನಿಮ್ಮ ಬೀಕರ್ ಸಾಲೇ ಹೇಳಬೇಕು. ಆರೂ ಬೀಕರ್‌ಗಳ ಫೋಟೋ ತೆಗೆದು ವರದಿಗೆ ಹಾಕಿ. ಎಷ್ಟೋ ಗ್ರಾಫ್‌ಗಳಿಗಿಂತ ಅದು ಹೆಚ್ಚು ಮಾತಾಡುತ್ತದೆ.

ಹಂತ 4: ಒಳಗೆ ಏನು ಇಡಬೇಕು

ಎಲ್ಲರೂ ಮೊದಲು ಓಡುವುದು ಅರಿಸಿನದ ಕರ್ಕ್ಯುಮಿನ್ ಕಡೆಗೆ. ಹೊಸಬರಿಗೆ ಅದು ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಅದು ನೀರಿನಲ್ಲಿ ಕರಗುವುದಿಲ್ಲ. ಪಿಎಚ್ 7.2ರ ಫಾಸ್ಫೇಟ್ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆಯೊಳಗೆ ಹೆಚ್ಚುಕಡಿಮೆ ಶೇ 90ರಷ್ಟು ಹಾಳಾಗುತ್ತದೆ. ಕಣದಿಂದ ನಿಧಾನವಾಗಿ ಹೊರಬರುತ್ತಿದೆ ಅಂತ ನೀವು ಬರೆದದ್ದು, ನಿಜವಾಗಿ ನೋಡಿದರೆ ಹೊರಬಂದ ಕರ್ಕ್ಯುಮಿನ್ ಹಾಳಾಗುತ್ತಿರುವುದೇ ಇರಬಹುದು. ಡೈಕ್ಲೋಫೆನಾಕ್ ಕೂಡ ಇದಕ್ಕೆ ಹೊಂದುವುದಿಲ್ಲ, ಹುಳಿ ನೀರಿನಲ್ಲಿ ತಾನೇ ಹರಳಾಗಿ ಬೀಳುತ್ತದೆ. ಅದನ್ನು ಕಣದ ಮಬ್ಬು ಅಂದುಕೊಳ್ಳುವ ಅಪಾಯ ಇದೆ.

ಕಲಿಯಲು ಬೋವೈನ್ ಸೀರಂ ಆಲ್ಬುಮಿನ್, ಅಂದರೆ ಬಿಎಸ್‌ಎ ತೆಗೆದುಕೊಳ್ಳಿ. ಸ್ಪೇನಿನ ತಂಡ ಬಳಸಿದ್ದೂ ಇದನ್ನೇ. ಅದು ಔಷಧವಲ್ಲ, ಪ್ರೋಟೀನ್ ಔಷಧಗಳ ಬದಲಿಗೆ ಇಡುವ ಮಾದರಿ. ಪಿಎಚ್ 4.7ರ ಸುಮಾರಿಗೆ ಅದರ ಚಾರ್ಜು ಸೊನ್ನೆ, ಅದಕ್ಕಿಂತ ಮೇಲೆ ಮೈನಸ್. ಟಿಪಿಪಿ ದ್ರಾವಣದ ಪಿಎಚ್ 9ರ ಆಸುಪಾಸು. ಹಾಗಾಗಿ ಬಿಎಸ್‌ಎಯನ್ನು ಟಿಪಿಪಿಯಲ್ಲೇ ಮಿಲಿಲೀಟರ್‌ಗೆ 1 ಮಿಲಿಗ್ರಾಂನಂತೆ ಕರಗಿಸಿ. ಮೈನಸ್ ಚಾರ್ಜಿನೊಂದಿಗೆ ಬರುವ ಪ್ರೋಟೀನ್ ಕೈಟೋಸಾನ್‌ಗೆ ಹಿಡಿದುಕೊಳ್ಳುತ್ತದೆ. 4 ಮಿಲಿಲೀಟರ್ ಹಾಕಿದರೆ ಒಟ್ಟು 4 ಮಿಲಿಗ್ರಾಂ ಬಿಎಸ್‌ಎ ಹೋದ ಹಾಗೆ.

ಜೊತೆಗೆ ಮೂರು ಸಾಕ್ಷಿ ನಳಿಕೆಗಳು ಬೇಕೇ ಬೇಕು. ಔಷಧವಿಲ್ಲದ ಖಾಲಿ ಕಣ ಒಂದು. ಕಣವಿಲ್ಲದ ಬರೀ ಬಿಎಸ್‌ಎ ಇನ್ನೊಂದು. ಟಿಪಿಪಿ ಇಲ್ಲದೆ ಕೈಟೋಸಾನ್ ಜೊತೆ ಬಿಎಸ್‌ಎ ಮತ್ತೊಂದು. ಮೂರನ್ನೂ ಅದೇ ಪಿಎಚ್‌ನಲ್ಲಿ, ಅದೇ ಒಟ್ಟು 14 ಮಿಲಿಲೀಟರ್‌ನಲ್ಲಿ ಇಡಿ. ಇವಿಲ್ಲದೆ ಮುಂದಿನ ಯಾವ ಅಂಕಿಗೂ ಬೆಲೆಯಿಲ್ಲ.

ಹಂತ 5: ಬೇರ್ಪಡಿಸಿ ಅಳೆಯುವುದು

ಸೆಂಟ್ರಿಫ್ಯೂಜ್‌ನ ಸುತ್ತು ಬರೆದರೆ ಸಾಲದು, ಗುರುತ್ವದ ಎಷ್ಟು ಪಟ್ಟು ಅನ್ನುವುದು ಬೇಕು. ಸುತ್ತಿನ ಸಂಖ್ಯೆಯ ವರ್ಗವನ್ನು ಸೆಂಟಿಮೀಟರ್‌ನ ತ್ರಿಜ್ಯದಿಂದ ಗುಣಿಸಿ, ಅದನ್ನು 0.00001118ರಿಂದ ಗುಣಿಸಿ. ತ್ರಿಜ್ಯ 8 ಸೆಂಟಿಮೀಟರ್, ನಿಮಿಷಕ್ಕೆ 10,000 ಸುತ್ತು ಇದ್ದರೆ ಸುಮಾರು 8,940 ಪಟ್ಟು. ಕಾಲೇಜಿನ ಹಳೆಯ 4,000 ಸುತ್ತಿನ ಯಂತ್ರ 2,000 ಪಟ್ಟನ್ನೂ ಮುಟ್ಟುವುದು ಕಷ್ಟ, ಅದರಲ್ಲಿ ಚಿಕ್ಕ ಕಣಗಳು ಮೇಲೆಯೇ ತೇಲುತ್ತವೆ. 10,000 ಪಟ್ಟಿನಲ್ಲಿ 30 ನಿಮಿಷ ತಿರುಗಿಸಿ. ನಳಿಕೆಯ ತಳಕ್ಕೆ 10 ಮೈಕ್ರೋಲೀಟರ್ ಗ್ಲಿಸರಾಲ್ ಹಾಕಿಟ್ಟರೆ ಕಣಗಳು ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ಮತ್ತೆ ನೀರಿನಲ್ಲಿ ಬಿಡಿಸಲು ಸುಲಭ. ಒಣ ತೂಕ ನೋಡುವ ನಳಿಕೆಗೆ ಮಾತ್ರ ಗ್ಲಿಸರಾಲ್ ಹಾಕಬೇಡಿ.

ಮೇಲಿನ ತಿಳಿಯಲ್ಲಿ ಉಳಿದ ಬಿಎಸ್‌ಎಯನ್ನು ಬ್ರಾಡ್‌ಫೋರ್ಡ್ ವಿಧಾನದಲ್ಲಿ (ಪ್ರೋಟೀನ್ ಸೇರಿದರೆ ನೀಲಿಯಾಗುವ ಬಣ್ಣ ಬಳಸುವ ವಿಧಾನ) 595 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಗೊತ್ತಿರುವ ಪ್ರಮಾಣಗಳನ್ನಿಟ್ಟು ಸ್ಟ್ಯಾಂಡರ್ಡ್ ಗೆರೆ ಎಳೆಯುವಾಗ ಬಿಎಸ್‌ಎಯನ್ನು ಬರೀ ನೀರಿನಲ್ಲಿ ಕರಗಿಸಬೇಡಿ. ಖಾಲಿ ಕಣದ ಮೇಲಿನ ತಿಳಿಯಲ್ಲೇ ಕರಗಿಸಿ. ಆ ತಿಳಿಯಲ್ಲಿ ಉಳಿದ ಕೈಟೋಸಾನ್, ಟಿಪಿಪಿ, ಅಸಿಟೇಟ್ ಎಲ್ಲ ಇರುವುದರಿಂದ ಅವುಗಳ ಪ್ರಭಾವ ಎರಡೂ ಕಡೆ ಒಂದೇ ಆಗುತ್ತದೆ.

ಲೆಕ್ಕ ಹೀಗೆ. ತಿಳಿಯಲ್ಲಿ ಮಿಲಿಲೀಟರ್‌ಗೆ 0.08 ಮಿಲಿಗ್ರಾಂ ಸಿಕ್ಕಿತು ಅನ್ನೋಣ. 14 ಮಿಲಿಲೀಟರ್‌ಗೆ 1.12 ಮಿಲಿಗ್ರಾಂ. ಹಾಕಿದ 4ರಲ್ಲಿ ಅದನ್ನು ಕಳೆದರೆ 2.88. ಅಂದರೆ ಶೇ 72 ಒಳಸೇರಿದೆ. ಒಣಗಿಸಿದ ಕಣದ ತೂಕ 16 ಮಿಲಿಗ್ರಾಂ ಆದರೆ ಕಣದ ತೂಕದ ಶೇ 18 ಬಿಎಸ್‌ಎ. ಎರಡು ಅಂಕಿಗಳನ್ನೂ ಬರೆಯಬೇಕು. ಶೇ 72 ಕೇಳಲು ಚೆನ್ನ, ಆದರೆ ರೋಗಿಗೆ ಎಷ್ಟು ಪುಡಿ ಕೊಡಬೇಕಾಗುತ್ತದೆ ಅಂತ ಹೇಳುವುದು ಎರಡನೆಯ ಅಂಕಿ.

ಇಲ್ಲಿಗೇ ನಿಲ್ಲಿಸಬೇಡಿ. ತಿಳಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಕಣದಲ್ಲಿ ಇದೆ ಅಂತ ಆಗುವುದಿಲ್ಲ, ಅಲ್ವಾ? ನಳಿಕೆಯ ಗೋಡೆಗೆ, ಫಿಲ್ಟರ್‌ಗೆ ಅಂಟಿರಬಹುದು. ಬರೀ ಬಿಎಸ್‌ಎ ಇರುವ ನಳಿಕೆಯನ್ನೂ ತಿರುಗಿಸಿ ನೋಡಿ. ಅಲ್ಲಿಯೂ ಕಡಿಮೆಯಾದರೆ ಅಷ್ಟು ಪಾಲು ಕಣದ್ದಲ್ಲ. ಟಿಪಿಪಿ ಇಲ್ಲದ ನಳಿಕೆಯಲ್ಲೂ ಗಷ್ಟು ಕೂತರೆ ಪ್ರೋಟೀನ್ ಮತ್ತು ಕೈಟೋಸಾನ್ ಸುಮ್ನೆ ಗಂಟು ಕಟ್ಟುತ್ತಿವೆ ಅಂತ ಅರ್ಥ. ಆಮೇಲೆ ತಳದಲ್ಲಿ ಕೂತ ಕಣವನ್ನು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ನೇರವಾಗಿ ಅಳೆಯಿರಿ, ಅದರ ಸ್ಟ್ಯಾಂಡರ್ಡ್ ಕೂಡ ಅದೇ ಆಮ್ಲದಲ್ಲಿರಲಿ. ತಿಳಿಯದ್ದು, ಕಣದ್ದು ಕೂಡಿದರೆ 4 ಮಿಲಿಗ್ರಾಂ ಹತ್ತಿರ ಬರಬೇಕು. ಬಂದರೆ ಮಾತ್ರ ಆ ಶೇ 72ನ್ನು ನಂಬಿ.

ಹಂತ 6: ಗಾತ್ರ ಮತ್ತು ಚಾರ್ಜು

ಇದಕ್ಕೆ ಡಿಎಲ್‌ಎಸ್ ಯಂತ್ರ, ಅಂದರೆ ಕಣಗಳು ಬೆಳಕನ್ನು ಚದುರಿಸುವುದನ್ನು ನೋಡಿ ಗಾತ್ರ ಹೇಳುವ ಯಂತ್ರ ಬೇಕು, ನಿಮ್ಮ ಕಾಲೇಜಿನಲ್ಲಿ ಇರುವುದು ಕಡಿಮೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಂಥ ಕಡೆ ವಿಚಾರಿಸಿ, ಮೇಷ್ಟ್ರ ಪತ್ರದೊಂದಿಗೆ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಕಾರವಾರದ ಕೋಡಿಬಾಗದಲ್ಲಿ ಅದೇ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇದೆ. ಸಿಪ್ಪೆಯ ಜಾತಿ ಗುರುತಿಸಲು ಅಲ್ಲಿಯವರನ್ನು ಕೇಳಬಹುದು.

ಸ್ಯಾಂಪಲ್ ತೆಳು ಮಾಡುವಾಗ ಅದೇ ಪಿಎಚ್‌ನ ಅಸಿಟೇಟ್ ನೀರನ್ನೇ ಬಳಸಿ. ಸರಾಸರಿ ಗಾತ್ರದ ಜೊತೆ ಪಿಡಿಐ ಅನ್ನುವ ಅಂಕಿ ಕೊಡುತ್ತಾರೆ, ಅದು ಗಾತ್ರಗಳು ಎಷ್ಟು ಹರಡಿವೆ ಅನ್ನುವ ಅಳತೆ. ಅದು 0.3ಕ್ಕಿಂತ ಕಡಿಮೆಯಿದ್ದರೆ ಕಣಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಝೀಟಾ ಪೊಟೆನ್ಷಿಯಲ್, ಅಂದರೆ ಕಣದ ಮೈಯ ಚಾರ್ಜಿನ ಅಳತೆ, ಪ್ಲಸ್ 20 ಮಿಲಿವೋಲ್ಟ್‌ಗಿಂತ ಮೇಲಿರಲಿ, 30 ದಾಟಿದರೆ ಇನ್ನೂ ಒಳ್ಳೆಯದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ ಚಿಕ್ಕದಾಗಿ ಕಂಡರೆ ಗಾಬರಿ ಬೇಡ. ಅಲ್ಲಿ ನೋಡುವುದು ಒಣಗಿ ಕುಗ್ಗಿದ ಕಣವನ್ನು, ಡಿಎಲ್‌ಎಸ್ ನೋಡುವುದು ನೀರು ಕುಡಿದು ಉಬ್ಬಿದ್ದನ್ನು.

ಹಂತ 7: ಔಷಧ ಹೊರಬರುವುದನ್ನು ನೋಡುವುದು

ರೂಢಿಯಲ್ಲಿ ಎಲ್ಲರೂ ಬಳಸುವುದು 12–14 ಕಿಲೋಡಾಲ್ಟನ್‌ನ ಡಯಾಲಿಸಿಸ್ ಚೀಲ, ಅಂದರೆ ಸುಮಾರು ಅಷ್ಟು ಅಣುತೂಕದವರೆಗಿನ ಅಣುಗಳನ್ನು ಮಾತ್ರ ಹೊರಬಿಡುವ ಚೀಲ. ಬಿಎಸ್‌ಎಯ ಅಣುತೂಕ 66 ಕಿಲೋಡಾಲ್ಟನ್! ಕಣದಿಂದ ಪೂರ್ತಿ ಹೊರಬಂದರೂ ಅದು ಚೀಲದಿಂದ ಹೊರಬರುವುದಿಲ್ಲ. ಗ್ರಾಫ್ ಚಪ್ಪಟೆಯಾಗಿ, ಔಷಧವನ್ನು ಕಣ ಭದ್ರವಾಗಿ ಹಿಡಿದಿದೆ ಅನ್ನುವ ಸುಳ್ಳು ಸುದ್ದಿ ಕೊಡುತ್ತದೆ. ಪ್ರೋಟೀನ್‌ಗೆ ಚೀಲ ಬಿಡಿ. ಕಣವನ್ನು ಸಮನಾಗಿ ಹಲವು ಚಿಕ್ಕ ನಳಿಕೆಗಳಿಗೆ ಹಂಚಿ 37 ಡಿಗ್ರಿಯಲ್ಲಿಡಿ. 0.5, 1, 2, 4, 8, 24, 48 ಗಂಟೆಗೆ ಒಂದೊಂದು ಹೊತ್ತಿಗೆ ಮೂರು ಮೂರು ನಳಿಕೆ ತೆಗೆದು ತಿರುಗಿಸಿ, ತಿಳಿಯನ್ನು ಅಳೆಯಿರಿ. ಚಿಕ್ಕ ಅಣುವಿನ ಔಷಧಕ್ಕಾದರೆ ಚೀಲ ಸರಿ, ಆದರೆ ಕಣವಿಲ್ಲದ ಔಷಧವನ್ನೂ ಇನ್ನೊಂದು ಚೀಲದಲ್ಲಿಟ್ಟು ಹೋಲಿಸಬೇಕು. ಚೀಲ ದಾಟಲೇ ಎಷ್ಟು ಹೊತ್ತು ಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಮೊದಲ ಒಂದೆರಡು ಗಂಟೆಯಲ್ಲಿ ದಿಢೀರನೆ ಒಂದಷ್ಟು ಹೊರಬರುತ್ತದೆ. ಅದು ಕಣದ ಮೈಗೆ ಅಂಟಿದ್ದದ್ದು. ಆಮೇಲೆ ನಿಧಾನ. ಪಿಎಚ್ 7.4ರ ಫಾಸ್ಫೇಟ್ ಬಫರ್‌ನಲ್ಲಿ ಕಣಗಳು ಗುಂಪುಗಟ್ಟುವುದು ಸಹಜ, ಯಾಕೆಂದರೆ 6.5 ದಾಟಿದೆ. ಹೊಟ್ಟೆಯಂಥ ಹುಳಿ ದ್ರಾವಣದಲ್ಲಿ ಕಣ ಉಬ್ಬಿ ಬಿಚ್ಚಿಹೋಗುತ್ತದೆ. ಬಾಯಿಯ ಮೂಲಕ ಕೊಡುವ ಔಷಧಕ್ಕೆ ಬರೀ ಕೈಟೋಸಾನ್ ಕಣ ಸಾಲದು ಅನ್ನುವುದಕ್ಕೆ ಇದೇ ಕಾರಣ. ಅದಕ್ಕೆ ಹೊರಗಿನಿಂದ ಆಲ್ಜಿನೇಟ್ ಹೊದಿಕೆ ಕೊಡುತ್ತಾರೆ. ಆಲ್ಜಿನೇಟ್ ಬರುವುದು ಕಂದು ಕಡಲಪಾಚಿಯಿಂದ, ನಮ್ಮ ಕಲ್ಲಿನ ತೀರಗಳಲ್ಲಿ ಬೆಳೆಯುವ ಸಾರ್ಗಾಸಮ್ ಆ ಜಾತಿಯದೇ. ಮುಂದಿನ ವರ್ಷದವರಿಗೆ ಒಳ್ಳೆಯ ವಿಷಯ.

24 ಗಂಟೆ ಮೀರಿದರೆ ಬ್ಯಾಕ್ಟೀರಿಯಾ ಪ್ರೋಟೀನ್ ತಿನ್ನುತ್ತವೆ. ಫಾಸ್ಫೇಟ್ ಬಫರ್‌ಗೆ ಶೇ 0.02 ಸೋಡಿಯಂ ಅಜೈಡ್ ಹಾಕುವ ರೂಢಿಯಿದೆ. ಅದು ಕಡು ವಿಷ. ಆಮ್ಲದ ದ್ರಾವಣಕ್ಕಂತೂ ಹಾಕಲೇಬಾರದು, ವಿಷದ ಅನಿಲ ಏಳುತ್ತದೆ.

ಹಂತ 8: ಇಡುವುದು, ಒಯ್ಯುವುದು

ನೀರಿನಲ್ಲಿರುವ ಕಣ ದಿನ ಕಳೆದಂತೆ ಬದಲಾಗುತ್ತದೆ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಟ್ಟು ಆದಷ್ಟು ಬೇಗ ಅಳೆಯಿರಿ. ಫ್ರೀಜರ್‌ಗೆ ಹಾಗೇ ಹಾಕಬೇಡಿ, ಮಂಜುಗಡ್ಡೆ ಕಣಗಳನ್ನು ಒತ್ತಿ ಒಂದಾಗಿಸುತ್ತದೆ. ಪುಡಿ ಬೇಕಿದ್ದರೆ ಶೇ 5ರ ಟ್ರೆಹಲೋಸ್ ಸಕ್ಕರೆ ಸೇರಿಸಿ ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ಒಣಗಿಸುವುದು) ಮಾಡಿಸಬೇಕು. ನಡುವೆ ಕರೆಂಟ್ ಹೋದರೆ ಆ ಬ್ಯಾಚ್ ಕೈಬಿಡುವುದೇ ಸರಿ, ಆದ್ದರಿಂದ ಜನರೇಟರ್ ಇರುವ ಕಡೆಯೇ ಕೊಡಿ. ಮಳೆಗಾಲದಲ್ಲಿ ನಮ್ಮ ಕಡೆಯ ತೇವಕ್ಕೆ ಆ ಪುಡಿ ಮುಚ್ಚಳ ತೆಗೆದಿಟ್ಟ ಸ್ವಲ್ಪ ಹೊತ್ತಿಗೇ ಅಂಟಾಗುತ್ತದೆ. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್‌ನಲ್ಲಿಡಿ, ತೂಕ ನೋಡುವುದನ್ನು ಬೇಗ ಮುಗಿಸಿ.

ಕಾರವಾರದಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಒಯ್ಯುವುದಾದರೆ ಅರಬೈಲು ಘಟ್ಟದ ಕುಲುಕಾಟ ಮತ್ತು ಬಿಸಿಲು ಎರಡನ್ನೂ ಲೆಕ್ಕಕ್ಕಿಡಿ. ನಳಿಕೆಯನ್ನು ಬಾಯಿವರೆಗೆ ತುಂಬಿ, ಒಳಗೆ ಗಾಳಿ ಉಳಿಯದಂತೆ ಮುಚ್ಚಿ, ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿಡಿ. ಐಸ್‌ಗೆ ನಳಿಕೆ ತಾಗದಂತೆ ನಡುವೆ ಬಟ್ಟೆ ಸುತ್ತಿ. ಪ್ರತಿ ನಳಿಕೆಗೂ ತಯಾರಿಸಿದ ದಿನ, ಕೈಟೋಸಾನ್ ಬ್ಯಾಚ್, ಟಿಪಿಪಿ ಪ್ರಮಾಣ, ಪಿಎಚ್ ಬರೆಯಿರಿ, ಖಾಲಿ ಕಣದ್ದೂ ಸೇರಿ. ಒಂದು ನಳಿಕೆಯನ್ನು ಕಾಲೇಜಿನ ಫ್ರಿಜ್‌ನಲ್ಲೇ ಬಿಟ್ಟು, 600 ನ್ಯಾನೋಮೀಟರ್‌ನಲ್ಲಿ ಅದರ ಮಬ್ಬನ್ನು ಹೊರಡುವ ಮೊದಲು ಅಳೆದಿಡಿ. ಧಾರವಾಡ ತಲುಪಿದ ಮೇಲೆ ಒಯ್ದದ್ದನ್ನೂ ಅದೇ ತರಂಗಾಂತರದಲ್ಲಿ ಅಳೆಸಿ. ಎರಡೂ ಹೊಂದಿದರೆ ಮಾತ್ರ ಡಿಎಲ್‌ಎಸ್‌ಗೆ ಕೊಡಿ, ಇಲ್ಲವಾದರೆ ಹೊಸ ಬ್ಯಾಚ್ ತನ್ನಿ.